ಅಣ್ಣನ ಕಡೆಯ ವಾದ

ಅಣ್ಣ ತೀರಿಕೊಂಡ ಮೇಲೆ ಸಿಕ್ಕವರೆಲ್ಲ ಸಮಾಧಾನ ಹೇಳುತ್ತಿದ್ದರು. ಜಗಳಕ್ಕೆ ಮಾತ್ರ ಯಾರೂ ಸಿಗುತ್ತಿರಲಿಲ್ಲ. ಅವನಿಗೆ ಅಮೆರಿಕದ ರಾಜಕೀಯದ ಹುಚ್ಚು. ಊಟಕ್ಕೆ ಕೂತಾಗೆಲ್ಲ ನಮ್ಮಿಬ್ಬರದೂ ಅದೇ ವಾದ.

ಅಮೆರಿಕದ ಚುನಾವಣೆಯ ಬಗ್ಗೆ ಅವನು ಓದುತ್ತಿದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ತೆರೆಯಲು ಮನಸ್ಸಾಗಿರಲಿಲ್ಲ. ಪಕ್ಕದಲ್ಲಿದ್ದ ಸೀರೆ ವ್ಯಾಪಾರದ ಸಾಹೇಬರು ಮುಖಪುಟ ನೋಡಿ ಕೇಳಿದರು.

“ಅಲ್ಲಿ ಹೆಚ್ಚು ಓಟು ಬಿದ್ದಾಂವನೂ ಸೋಲ್ತಾನಂತಲ್ರಿ, ಖರೇನ?”

“ಹೌದ್ರಿ, ಒಮ್ಮೊಮ್ಮೆ. ಅಲ್ಲಿ ರಾಜ್ಯಗಳ ಲೆಕ್ಕದ ಮ್ಯಾಲೆ ಗೆಲ್ಲೋದು.”

“ಹಂಗಾದ್ರ ಮಂದಿ ಓಟಿಗೆ ಏನ್ ಕಿಮ್ಮತ್ತು ಬಂತ್ರಿ?”

ಅಣ್ಣನಿಗೆ ನಾನು ಕೇಳುತ್ತಿದ್ದುದೂ ಇದನ್ನೇ. ಆದರೆ ಈಗ ನನ್ನ ಬಾಯಿಂದ ಅವನ ಉತ್ತರ ಬಂತು.

“ಹಂಗಲ್ರಿ, ಸಣ್ಣ ರಾಜ್ಯದವರ ಮಾತು ಮತ್ತ ಯಾರು ಕೇಳಬೇಕು?”

ಅವನಂತೆಯೇ ಕೈ ಬೀಸಿ, ದನಿ ಏರಿಸಿ ವಾದಿಸಿದೆ. ಸಾಹೇಬರೂ ಬಿಡಲಿಲ್ಲ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರಾಗಿತ್ತು.

“ನೀವು ಏನರ ಹೇಳ್ರಿ, ನನಗ ಒಪ್ಪಿಗಿಲ್ಲ” ಎನ್ನುತ್ತ ಸಾಹೇಬರು ಗಜೇಂದ್ರಗಡದಲ್ಲಿ ಇಳಿದರು.

ಖರೇ ಹೇಳಬೇಕಂದರೆ ನನಗೂ ಒಪ್ಪಿಗೆಯಿಲ್ಲ. ಆದರೆ ಅಣ್ಣನ ಕಡೆಯಿಂದ ಯಾರಾದರೂ ಮಾತಾಡಬೇಕಿತ್ತಲ್ಲ.