ಫಾರ್ಮಲಿನ್ನಿನ ಪಾಲು

ಋತುಜಾಳ ತವರು ಧಾರವಾಡದ ಮಾಳಮಡ್ಡಿ. ಮನೆಮಂದಿಗೆಲ್ಲ ತಂಬೂರಿಯ ಹುಚ್ಚು, ಈಕೆಗೊಬ್ಬಳಿಗೆ ಮೀನಿನದು. ಉಳ್ಳಾಗಡ್ಡಿಯನ್ನೂ ಹೊಸ್ತಿಲಾಚೆ ಇಡುವ ಮನೆತನದ ಹುಡುಗಿ ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತೇನೆಂದಾಗ ನೆಂಟರು ನಕ್ಕರು. ಮದುವೆಯಾಗಿ ನವನಗರಕ್ಕೆ ಬಂದಮೇಲೆ ಅತ್ತೆ ಸುಹಾಸಿನಿಬಾಯಿ ಒಂದೇ ಕಟ್ಟಳೆ ಹಾಕಿದರು. ಕಾಲೇಜಿನ ಸೀರೆ ಬಚ್ಚಲ ಬಾಗಿಲಲ್ಲೇ ಉಳಿಯಬೇಕು, ಮಿಂದ ಮೇಲೆಯೇ ಅಡಿಗೆಮನೆ. ಋತುಜಾ ಒಪ್ಪಿದಳು. ಹಟಮಾರಿಗಳು ಸಣ್ಣ ಮಾತಿಗೆಲ್ಲ ಜಗಳ ಕಾಯುವುದಿಲ್ಲ, ದೊಡ್ಡದಕ್ಕೆ ಉಳಿಸಿಕೊಂಡಿರುತ್ತಾರೆ.

ದೊಡ್ಡದು ಬಂದದ್ದು ಎರಡು ಸಾವಿರದ ಮೂರರಲ್ಲಿ. ಆಕೆ ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಬಿಂದುಮಾಧವ ಸರ್ ಆಕೆಯ ಮಾರ್ಗದರ್ಶಕರು. ತಾರುಣ್ಯದಲ್ಲಿ ಅವರು ಧಾರವಾಡದ ಹತ್ತಿರದ ಮುಗದ ಊರಿನ ಕೆರೆಯಿಂದ ಹಿಡಿದು ತಂದ ಮೀನುಗಳು ಕಪಾಟಿನ ಗಾಜಿನ ಜಾರುಗಳಲ್ಲಿ, ಕೆಡದಂತೆ ಫಾರ್ಮಲಿನ್ನಿನಲ್ಲಿ ನಿಂತಿದ್ದವು. ಸರ್ ಅವರ ನಂಬಿಕೆ ಇಷ್ಟೆ: ಮೊದಲು ಕೆರೆಯ ಸುತ್ತ ಬರೀ ಭತ್ತವಿತ್ತು, ಈಗ ಗೋವಿನಜೋಳ ಬಂದಿದೆ, ಹೊಲದ ಕಸಕಡ್ಡಿ ನೀರಿಗೆ ಬಿದ್ದು ಮೀನಿನ ಊಟವೂ ಬದಲಾಗಿದೆ. ಇಂಗಾಲದಲ್ಲಿ ಹಗುರವಾದದ್ದೂ ಇದೆ, ಭಾರವಾದದ್ದೂ ಇದೆ. ಭತ್ತಕ್ಕಿಂತ ಗೋವಿನಜೋಳದಲ್ಲಿ ಭಾರದ್ದು ತುಸು ಹೆಚ್ಚು. ಉಂಡದ್ದು ಮೈಗೆ ಹತ್ತಲೇಬೇಕಲ್ಲ, ಹಳೆಯ ಮೀನನ್ನೂ ಹೊಸ ಮೀನನ್ನೂ ಅಳೆದರೆ ಗೊತ್ತಾದೀತು.

ಋತುಜಾ ಜಾರಿನ ಹಳೆಯ ಮೀನಿನ ಮಾಂಸವನ್ನೂ ಕೆರೆಯಿಂದ ಆಗಷ್ಟೇ ಹಿಡಿಸಿದ ಮೀನಿನದನ್ನೂ ಪರವೂರಿನ ಪ್ರಯೋಗಾಲಯಕ್ಕೆ ಕಳಿಸಿ ಅಳೆಸಿದಳು. ಹಳೆಯವು ಹಗುರ, ಹೊಸವು ಭಾರ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವರ್ಷಾನುಗಟ್ಟಲೆಯ ದುಡಿಮೆ ಕೈಗೂಡಿತ್ತು, ಪ್ರಬಂಧವನ್ನು ಟೈಪಿಗೆ ಕೊಡುವುದೊಂದೇ ಬಾಕಿಯಿತ್ತು.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಊರವರು ಕುಡಗೋಲು, ಮೋಟಾರು ತೊಳೆದರೆ ಈ ವಿಭಾಗದವರು ಮೀನಿನ ಜಾರು ತೊಳೆಯುತ್ತಿದ್ದರು. ಹಳದಿಗಟ್ಟಿದ ಫಾರ್ಮಲಿನ್ ನೀರು ಚೆಲ್ಲಿ, ಹೊಸದು ತುಂಬಿ, ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚಿ, ಪೇಢೆ ಹಂಚುವುದು ಸರ್ ಹಾಕಿಕೊಟ್ಟ ಪದ್ಧತಿ. ಫಾರ್ಮಲಿನ್ ತೀರಿದ ವರ್ಷ ಸ್ಪಿರಿಟ್ಟು ಸುರಿಯುತ್ತಿದ್ದರು. ಜಾರು ಫಳಫಳ ಹೊಳೆದರೆ ಸಾಕಿತ್ತು.

ಆ ಸಲ ಸೆರಗನ್ನು ಮೂಗಿಗೆ ಒತ್ತಿಕೊಂಡು ಫಾರ್ಮಲಿನ್ ಹೊಯ್ಯುತ್ತಿದ್ದ ಋತುಜಾಳ ಕೈ ನಡುವೆಯೇ ನಿಂತಿತು. ಫಾರ್ಮಲಿನ್ನಿನಲ್ಲೂ ಇಂಗಾಲವಿದೆ. ಇಷ್ಟು ಕಾಲ ಅದರಲ್ಲಿ ನೆನೆದ ಮಾಂಸದಲ್ಲಿ ಯಂತ್ರ ಅಳೆದದ್ದು ಯಾರ ಇಂಗಾಲವನ್ನು? ಭರಣಿಯಲ್ಲಿ ವರ್ಷ ಕಳೆದ ಉಪ್ಪಿನಕಾಯಿ ಹೋಳನ್ನು ಅಗಿದು, ಮಾವು ಯಾವ ತೋಟದ್ದೆಂದು ಹೇಳಲು ಹೊರಟಂತಾಯಿತಲ್ಲ! ಕೈಗೆ ಬಂದ ಪೇಢೆಯನ್ನು ಆಕೆ ಕಾಗದದಲ್ಲಿ ಸುತ್ತಿಟ್ಟಳು.

ಸರ್ ಮುಂದೆ ಹೇಳಿದಾಗ ಅವರಿಗೆ ಸಿಟ್ಟು ಬಂತು. ಜಗತ್ತಿನ ಮ್ಯೂಸಿಯಂಗಳಲ್ಲೆಲ್ಲ ಮೀನು ಹೀಗೇ ಇರುತ್ತವೆ, ನೀನೊಬ್ಬಳೇ ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಎಂದರು. ಬರುವ ಬೇಸಿಗೆಗೆ ಅವರ ನಿವೃತ್ತಿ. ಅದರೊಳಗೆ ಪ್ರಬಂಧ ಕೊಟ್ಟರೆ ಪದವಿ ಕೈಯಲ್ಲಿ, ಇಲ್ಲದಿದ್ದರೆ ಹೊಸ ಮಾರ್ಗದರ್ಶಕರನ್ನು ಹುಡುಕಿಕೊಂಡು ಮತ್ತೆ ಮೊದಲಿನಿಂದ. ಸುಮ್ಮನಿದ್ದರೆ ಕೇಳುವವರು ಯಾರೂ ಇರಲಿಲ್ಲ.

"ನನಗ ಖಾತ್ರಿ ಇಲ್ಲದ್ದರ ಕೆಳಗ ನಾ ಸಹಿ ಮಾಡಂಗಿಲ್ಲರಿ ಸರ್," ಎಂದಳು ಋತುಜಾ.

ಮುಗದ ಕೆರೆಯಲ್ಲಿ ಬಲೆ ಬೀಸುವ ಬಂದೇನವಾಜನಿಂದ ಹಸಿ ಮೀನು ತಂದಳು. ಪಾಪ, ಅವನು ಅಡಿಗೆಗೆಂದೇ ತಿಳಿದು ಬಾಯ್ತುಂಬ ಸಾರಿನ ಹದ ಹೇಳಿಕೊಟ್ಟ, ಹುಣಸೆಹುಳಿ ಕೊನೆಗೆ ಹಿಂಡಬೇಕೆಂದ. ಈಕೆ ತಲೆದೂಗುತ್ತ ಎಲ್ಲ ಕೇಳಿಸಿಕೊಂಡಳು. ಪ್ರತಿ ಮೀನಿನ ಮಾಂಸವನ್ನೂ ಮೂರು ಪಾಲು ಮಾಡಿದಳು. ಒಂದನ್ನು ಅಂದೇ ಒಣಗಿಸಿಟ್ಟಳು, ಒಂದು ಫಾರ್ಮಲಿನ್ನಿಗೆ, ಒಂದು ಸ್ಪಿರಿಟ್ಟಿಗೆ ಹೋಯಿತು. ಆಮೇಲೆ ಕಾಯುವುದೇ ಕೆಲಸ. ಕಾಯುವ ಕೆಲಸಕ್ಕೆ ಯಾರೂ ಶಭಾಶ್ ಅನ್ನುವುದಿಲ್ಲ. ಸೊಸೆಯ ಓದು ಇನ್ನೂ ಮುಗಿದಿಲ್ಲವೆಂದು ಹೇಳಿ ಹೇಳಿ ಸುಹಾಸಿನಿಬಾಯಿಗೆ ಸಾಕಾಯಿತು. ಸರ್ ನಿವೃತ್ತರಾದರು. ಸಂತೆಯಲ್ಲಿ ಎದುರಾದರೆ ಕಾಯಿಪಲ್ಲೆಯ ಧಾರಣೆ ಮಾತಾಡುತ್ತಿದ್ದರೇ ಹೊರತು ಮೀನಿನ ಸುದ್ದಿ ಎತ್ತುತ್ತಿರಲಿಲ್ಲ. ಒಮ್ಮೆ ಹಾಗೆ ಮಾತಾಡಿ ಬಂದವಳು ನವನಗರದ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಅತ್ತಳು. ಮರುದಿನ ಹೋಗಿ ಫಾರ್ಮಲಿನ್ನಿನ ಮುಚ್ಚಳ ಗಟ್ಟಿಯಾಗಿದೆಯೇ ಎಂದು ನೋಡಿದಳು.

ವರ್ಷ ಕಳೆದು ಅಳೆಸಿದಾಗ ಅನುಮಾನ ನಿಜವಾಯಿತು. ಅದೇ ಮೀನು, ಅದೇ ಮಾಂಸ, ಫಾರ್ಮಲಿನ್ನಿನಲ್ಲಿದ್ದ ಪಾಲು ಹಗುರವಾಗಿತ್ತು. ದ್ರವದ ಹಗುರ ಇಂಗಾಲ ಮಾಂಸಕ್ಕೆ ಅಂಟಿಕೊಂಡಿತ್ತು. ಹಳೆಯ ಮೀನಿಗೂ ಹೊಸದಕ್ಕೂ ಮೊದಲು ಕಂಡಿದ್ದ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಸ್ಪಿರಿಟ್ಟಿನದು ಬೇರೆ ದಾರಿ: ಅದು ಕೊಬ್ಬನ್ನು ಕರಗಿಸಿ ಎಳೆದುಕೊಂಡು ಮಾಂಸವನ್ನು ತುಸು ಭಾರ ಮಾಡಿತ್ತು. ಲೆಕ್ಕ ಕಳೆದು ಸರಿಪಡಿಸೋಣವೆಂದರೆ ಯಾವ ಜಾರಿಗೆ ಯಾವ ವರ್ಷ ಏನು ಸುರಿದರೋ ದೇವರೇ ಬಲ್ಲ. ಗೋವಿನಜೋಳದ ಅಧ್ಯಾಯವನ್ನು ಋತುಜಾ ತನ್ನ ಕೈಯಾರೆ ತೆಗೆದುಹಾಕಿದಳು. ಹೊಸ ಮಾರ್ಗದರ್ಶಕರೊಬ್ಬರ ಕೈಕೆಳಗೆ, ಫಾರ್ಮಲಿನ್ನು ಮೀನಿಗೆ ಏನು ಮಾಡುತ್ತದೆಂಬುದನ್ನೇ ಪ್ರಬಂಧವಾಗಿ ಬರೆದಳು.

ಮೌಖಿಕ ಪರೀಕ್ಷೆ ನಡೆದದ್ದು ಎರಡು ಸಾವಿರದ ಏಳರಲ್ಲಿ. ಯಾರು ಬರಬಾರದೆಂದು ಆಕೆ ಬೇಡಿಕೊಂಡಿದ್ದಳೋ ಅವರೇ, ಬಿಂದುಮಾಧವ ಸರ್, ಎರಡನೇ ಸಾಲಿನಲ್ಲಿ ಬಂದು ಕೂತರು. ಎಲ್ಲ ಮುಗಿದ ಮೇಲೆ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು, ಹಾಗಾದರೆ ಆ ಕೆರೆಯ ಮೀನಿನ ಊಟ ಬದಲಾಗಿದೆಯೋ ಇಲ್ಲವೋ? ಋತುಜಾ ಸರ್ ಮುಖ ನೋಡಿದಳು. ಅಲ್ಲಿಯವರೆಗೆ ನೀಟಾಗಿ ಬರುತ್ತಿದ್ದ ಇಂಗ್ಲಿಷು ಕೈಕೊಟ್ಟಿತು.

"ಗೊತ್ತಿಲ್ಲರಿ. ಆ ಜಾರಿನ ಮೀನಿನಿಂದ ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ಜಾರು ತೊಳದು ತೊಳದು ನಾವ ಆ ಗುರುತು ಅಳಿಸಿ ಕೂತೇವಿ."

ಕುರ್ಚಿ ಸರಿದ ಸದ್ದಾಯಿತು. ಸರ್ ಎದ್ದಿದ್ದರು. ಹೊರಟೇ ಹೋಗುತ್ತಾರೆಂದುಕೊಂಡಳು ಋತುಜಾ. ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಪರೀಕ್ಷಕರ ಕಡೆ ತಿರುಗಿದರು.

"ವರ್ಷಾ ವರ್ಷಾ ಜಾರಿನ ನೀರು ಬದಲಿ ಮಾಡಿದಾವ ನಾನರಿ," ಎಂದರು. "ಆಕಿ ಹೇಳಿದ್ದು ಖರೇ ಅದ. ಬರಕೊಳ್ರಿ."