ಕಾರ್ಡಿನ ಮೇಲಿನ ಕುಂಕುಮ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುವವರು ಕೆಟ್ಟದ್ದು ನನ್ನ ಕಂಪ್ಯೂಟರ್ ಎಂದುಕೊಂಡಾರು. ಕಂಪ್ಯೂಟರ್ ಸರಿಹೋಗಿದೆ, ಈಗಲೂ ದಿನಾ ಬೆಳಗ್ಗೆ ತಕರಾರಿಲ್ಲದೆ ಎದ್ದು ಕೂರುತ್ತದೆ.

ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮೊದಲು ಮಾವಿನಕಾಯಿ ಕ್ರೇಟು ಜೋಡಿಸಿಡುತ್ತಿದ್ದ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಸುತ್ತಲಿನ ಫೋಟೊಗ್ರಾಫರ್‌ಗಳು ಮದುವೆಗಳಲ್ಲಿ ತೆಗೆದದ್ದನ್ನು ತಂದು ಕೊಡುತ್ತಾರೆ. ನಾನು ಆಲ್ಬಮ್ ಜೋಡಿಸುತ್ತೇನೆ, ವಿಡಿಯೊ ಕತ್ತರಿಸಿ ಹಾಡು ಕೂರಿಸುತ್ತೇನೆ. ನನ್ನ ಗಂಡ ಮಾಲೂರಿನ ಒಂದು ಕಾರ್ಖಾನೆಯಲ್ಲಿದ್ದಾರೆ. ಅವರು ಕಂಪನಿ ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ, ಇಬ್ಬರೇ.

ಅತ್ತೆಯದು ಕೈಗುಣವಿರುವ ಕೈ ಎಂದು ಊರಿಗೆಲ್ಲ ಗೊತ್ತು. ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಕಲಸುವುದಕ್ಕೆ ಅಕ್ಕಪಕ್ಕದ ಮನೆಯವರೂ ಅವರನ್ನೇ ಕರೆಯುತ್ತಿದ್ದರು. ಅವರು ಕೈಯಿಟ್ಟ ಜಾಡಿ ಎರಡು ವರ್ಷವಾದರೂ ಕೆಡುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಯಾರೂ ಅವರಿಗೆ ಏನೂ ಅನ್ನಲಿಲ್ಲ, ಅವರೇ ಹಿಂದೆ ಸರಿದರು. ಹಬ್ಬದ ದಿನ ಅಡುಗೆಯೆಲ್ಲ ಮಾಡಿ, ಪೂಜೆಯ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುವರು. ಹೊಸಿಲಿಗೆ ಅರಿಶಿನ ಕುಂಕುಮ ಇಡುವ ಕೆಲಸ ನನಗೆ ಬಂತು. ಉಪ್ಪಿನಕಾಯಿಯೊಂದನ್ನು ಮಾತ್ರ ಅವರು ಬಿಡಲಿಲ್ಲ. ಹೇಗೂ ಅದು ಅಡುಗೆಮನೆಯ ಕೆಲಸ, ದೇವರಿಗೆ ಸಂಬಂಧವಿಲ್ಲ ಎಂದು ಇಟ್ಟುಕೊಂಡಿದ್ದರೇನೋ.

ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾಲ್ಕಕ್ಷರ ಓದಿದವಳು ನಾನು, ಈ ಮನೆಯಲ್ಲಿ ಇಂಥದ್ದೆಲ್ಲ ನಡೆಯಬಾರದು ಎಂದು ಗಂಡನ ಹತ್ತಿರ ಭಾಷಣ ಬಿಗಿಯುತ್ತಿದ್ದೆ. ಹಾಗಾಗಿ ಆ ವರ್ಷದ ಆಯುಧಪೂಜೆಯ ದಿನ ಹಠ ಹಿಡಿದೆ. ಕಂಪ್ಯೂಟರ್ ಆರಿಸಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಕೊಡವಿ ಇಟ್ಟಿದ್ದೆ. ಹಿತ್ತಲಿಗೆ ಹೊರಟಿದ್ದ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಬಂದೆ.

"ಈ ಸಲ ಇದಕ್ಕೆ ನೀವೇ ಕುಂಕುಮ ಇಡ್ಬೇಕು ಅತ್ತೆ."

"ವದ್ದಮ್ಮಾ, ಬೇಡ. ನನ್ನ ಕೈಲಿ ಇಡಿಸ್ತೀಯ? ನಿನಗೇನು ಹುಚ್ಚಾ?"

"ಇದು ನನ್ನ ಮೆಷಿನ್ನು. ನಾನು ಹೇಳ್ತಿದೀನಿ, ಇಡಿ."

ಮುಳಬಾಗಿಲಿನಿಂದ ಹಬ್ಬಕ್ಕೆ ಬಂದಿದ್ದ ನಾದಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಬೇಡವೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಅತ್ತೆ ಎರಡು ಸಲ ಸೆರಗಿಗೆ ಕೈ ಒರೆಸಿಕೊಂಡು, "ಇದರ ಜೀವ ಎಲ್ಲಿದೆ?" ಎಂದು ಕೇಳಿದರು. ಮೂರು ದಿನದ ಹಿಂದೆಯಷ್ಟೇ ಹಳೆಯದರ ಬದಲು ಹಾಕಿದ್ದ ಹೊಸ ಗ್ರಾಫಿಕ್ಸ್ ಕಾರ್ಡನ್ನು ತೋರಿಸಿದೆ. ಪರದೆಯ ಮೇಲೆ ಚಿತ್ರ ಓಡಿಸುವುದು ಅದೇ. ನನ್ನ ಕೆಲಸಕ್ಕೆ ಅದೇ ಜೀವ ಎಂದರೆ ಸುಳ್ಳಲ್ಲ. ಅತ್ತೆ ಅದರ ಬೆನ್ನಿನ ತಗಡಿಗೆ ಗಂಧದ ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಒತ್ತಿದರು. ಆಮೇಲೆ ಅವರು ಹಿತ್ತಲಿಗೆ ಹೋಗಲಿಲ್ಲ, ನಮ್ಮ ಜೊತೆಯಲ್ಲೇ ನಿಂತು ಮಂಗಳಾರತಿ ತೆಗೆದುಕೊಂಡರು. ಆ ಸಂಜೆಯೆಲ್ಲ ನನಗೆ ನನ್ನ ಮೇಲೆಯೇ ಬಹಳ ಮೆಚ್ಚುಗೆ.

ನಮ್ಮಲ್ಲಿ ಪೂಜೆ ಮಾಡಿದ ಆಯುಧವನ್ನು ಅಂದು ಮುಟ್ಟುವುದಿಲ್ಲ. ಮರುದಿನ, ವಿಜಯದಶಮಿಯ ಬೆಳಗ್ಗೆ ಸ್ನಾನ ಮಾಡಿ ಬಂದು ಗುಂಡಿ ಒತ್ತಿದೆ. ಪರದೆ ಬೆಳಗಿತು, ಎರಡು ಸಲ ಕಪ್ಪಾಯಿತು, ಮತ್ತೆ ಬಂತು. ನಡುವೆ ಒಂದು ಚೌಕದಲ್ಲಿ, ಕಾರ್ಡನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ನಿಂತುಹೋಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಾರ್ಡಿನ ಫ್ಯಾನು ಎಷ್ಟು ತಿರುಗಬೇಕು, ಎಷ್ಟು ಬಿಸಿಯಾದರೆ ವೇಗ ತಗ್ಗಿಸಬೇಕು ಎಂದು ಕಾವಲು ಕಾಯುವ ಸಣ್ಣ ಸಾಫ್ಟ್‌ವೇರ್ ಅದು. ಫ್ಯಾನು ಒಮ್ಮೆ ರೈಸ್‌ಮಿಲ್ಲಿನ ಹಾಗೆ ಕೂಗಿ ಸುಮ್ಮನಾಯಿತು. ಸರಿ ಎಂದು ಒತ್ತಿ ಕೆಲಸಕ್ಕೆ ಕೂತೆ. ಹತ್ತು ನಿಮಿಷಕ್ಕೆ ಇಡೀ ಮೆಷಿನ್ನು ತಟ್ಟನೆ ಆರಿಹೋಯಿತು.

ಗೌನಿಪಲ್ಲಿಯ ಒಂದು ಮನೆಯವರಿಗೆ ಆ ಭಾನುವಾರ ಮದುವೆಯ ವಿಡಿಯೊ ಕೊಡಬೇಕಿತ್ತು. ನೆಂಟರನ್ನೆಲ್ಲ ಕರೆದು ದೊಡ್ಡ ಟಿ.ವಿ.ಯಲ್ಲಿ ಹಾಕುವ ಏರ್ಪಾಡು ಅವರದು. ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರು. ನಾನು ಆ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಏಳುವಾಗ ಅದೇ ಚೌಕ. ಕಾರ್ಡಿನ ಡ್ರೈವರ್ ಅಳಿಸಿ ಹೊಸದು ಹಾಕಿದೆ. ಅದೇ ಚೌಕ. ಯಾರೋ ವಿಡಿಯೊದಲ್ಲಿ ಹೇಳಿದಂತೆ ಸೇಫ್ ಮೋಡಿಗೆ ಹೋಗಿ ಬಂದೆ, ಇನ್ಯಾರೋ ಹೇಳಿದರೆಂದು ಕಾರ್ಡು ಬಿಚ್ಚಿ, ಒಳಗೆ ಸಿಕ್ಕಿಸುವ ಅದರ ತಾಮ್ರದ ಕಾಲುಗಳನ್ನು ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ಪೇಂಟಿಂಗ್ ಬ್ರಷ್ಷು, ಟಾರ್ಚು, ಸ್ಕ್ರೂ ಡ್ರೈವರು ಎಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಊಟ ಬಿಟ್ಟು ಕೂತೆ. ಮೂರು ದಿನ ಹೀಗೆ ಕಳೆಯಿತು. ಅಡುಗೆ, ಪಾತ್ರೆ, ಹಸುವಿನ ಹುಲ್ಲು ಎಲ್ಲವನ್ನೂ ಅತ್ತೆಯೇ ನೋಡಿಕೊಂಡರು. ಆಗಾಗ ಬಾಗಿಲಿಗೆ ಬಂದು, "ಸರಿಹೋಯ್ತಾ ಅಮ್ಮಾ?" ಎಂದು ಕೇಳಿ ಹೋಗುವರು.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಹಾಗೆ ಕೇಳಿದರು. ಆಗಷ್ಟೇ ಗೌನಿಪಲ್ಲಿಯವರು ಫೋನಿನಲ್ಲಿ ನನ್ನನ್ನು ಚೆನ್ನಾಗಿ ಉಗಿದಿದ್ದರು. ಊರಿಗೆ ಹೊರಟ ನಾದಿನಿ ಬ್ಯಾಗು ಹಿಡಿದು ಅಲ್ಲೇ ನಿಂತಿದ್ದಳು. ಅವಳನ್ನು ಬಸ್ಸಿಗೆ ಬಿಡಲು ರಜೆ ಹಾಕಿದ್ದ ಗಂಡನೂ ಇದ್ದರು. ಬಿಚ್ಚಿದ ಪೆಟ್ಟಿಗೆಯೊಳಗೆ ಕಾರ್ಡಿನ ಬೆನ್ನಿನ ಮೇಲೆ ಆ ಕೆಂಪು ಬೊಟ್ಟು ಕಂಡಿತು.

"ನಿಮ್ಮ ಕೈ ಬಿದ್ದ ಮೇಲೆ ತಾನೇ ಇದು ಕೆಟ್ಟಿದ್ದು? ಹಬ್ಬದ ಹಿಂದಿನ ದಿನದವರೆಗೂ ಚೆನ್ನಾಗೇ ಇತ್ತು!"

ಕುಂಕುಮದ ಪುಡಿ ಫ್ಯಾನಿಗೆ ಹೋಯಿತೆಂಬ ಅರ್ಥದಲ್ಲಿ ಹೇಳಿದೆ ಎಂದು ಆಮೇಲೆ ಗಂಡನ ಮುಂದೆ ವಾದಿಸಿದೆ. ಅದು ಸುಳ್ಳು. ಗಂಡ ಸತ್ತವಳ ಕೈ ಎಂದರೆ ನಮ್ಮ ಸೀಮೆಯಲ್ಲಿ ಏನರ್ಥವೋ ಅದೇ ಅರ್ಥದಲ್ಲಿ ಹೇಳಿದೆ. ಆ ಮಾತು ಎಲ್ಲಿಗೆ ನಾಟುತ್ತದೆ ಎಂದು ಗೊತ್ತಿದ್ದೇ, ಅಲ್ಲಿಗೇ ನಾಟಲಿ ಎಂದು ಎಸೆದೆ. ನನ್ನ ಭಾಷಣಗಳೆಲ್ಲ ಒಂದು ಡಬ್ಬ ಕೆಟ್ಟ ಕೂಡಲೇ ಉದುರಿಹೋದವು.

ಅತ್ತೆ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಬಚ್ಚಲಿಗೆ ಹೋಗಿ, ಹಿತ್ತಾಳೆ ಪಾತ್ರೆ ಉಜ್ಜಲು ನೆನೆಹಾಕಿದ್ದ ಹುಣಸೆಹಣ್ಣು ತೆಗೆದುಕೊಂಡು ಕೈ ಉಜ್ಜಿ ಉಜ್ಜಿ ತೊಳೆದರು. ಮೂರು ದಿನದ ಹಿಂದಿನ ಕುಂಕುಮ ಆ ಕೈಯಲ್ಲಿ ಎಲ್ಲಿರಬೇಕು? ನಾದಿನಿ ಹೊಸಿಲು ದಾಟುವಾಗ, "ನೀವೇ ತಾನೇ ಅತ್ತಿಗೆ ಇಡಿಸಿದ್ದು?" ಎಂದಳು. ಅವಳು ಇವತ್ತಿಗೂ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ.

ಮರುದಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೆ ರಿಪೇರಿ ಮಾಡುವವರೊಬ್ಬರಿದ್ದಾರೆ. ಐವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಅವರು ತಗಡು ಬಿಚ್ಚಲೇ ಇಲ್ಲ. ತಂತಿ ಸಿಕ್ಕಿಸಿ, ಚೌಕ ಬಂದದ್ದನ್ನು ನೋಡಿ, ಮೆಷಿನ್ನು ಏಳುವಾಗ ತಾವಾಗಿಯೇ ಶುರುವಾಗುವ ಸಾಫ್ಟ್‌ವೇರ್‌ಗಳ ಪಟ್ಟಿ ತೆರೆದರು.

"ಹಳೇ ಕಾರ್ಡ್ ತೆಗೆದ್ರಲ್ಲ, ಅದರದ್ದು ಸಾಫ್ಟ್‌ವೇರ್ ತೆಗ್ದಿದ್ರಾ?"

ತೆಗೆದಿರಲಿಲ್ಲ. ಐದು ವರ್ಷ ತೆಪ್ಪಗೆ ಕೆಲಸ ಮಾಡಿದ್ದ ಅದರ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

"ಎರಡೂ ಒಟ್ಟಿಗೆ ಎದ್ದು ಒಂದೇ ಫ್ಯಾನನ್ನ ಹಿಡ್ಕೊಳ್ತಾವೆ. ಕಿತ್ತಾಡಿ ಒಂದು ಬೀಳುತ್ತೆ. ಅಷ್ಟೇ ಕಣಮ್ಮ."

"ಹಬ್ಬದ ಮುಂಚೆ ಮೂರು ದಿನ ಚೆನ್ನಾಗಿತ್ತಲ್ಲ ಸಾರ್?"

"ಹೊಸದು ಹಾಕಿದ್ಮೇಲೆ ರೀಸ್ಟಾರ್ಟ್ ಮಾಡು ಅಂತ ಕೇಳಿರುತ್ತೆ. ಮಾಡಿದ್ರಾ?"

ಕೇಳಿತ್ತು. 'ಆಮೇಲೆ' ಎಂಬುದನ್ನು ಒತ್ತಿದ್ದೆ. ಮದುವೆ ಕೆಲಸದ ಅವಸರದಲ್ಲಿ ಮೆಷಿನ್ನು ಆರಿಸುತ್ತಲೇ ಇರಲಿಲ್ಲ, ಸುಮ್ಮನೆ ಮಲಗಿಸಿ ಎಬ್ಬಿಸುತ್ತಿದ್ದೆ. ಪೂರ್ತಿ ಆರಿಸಿದ್ದು ಆಯುಧಪೂಜೆಗೆ, ಪೂರ್ತಿ ಎದ್ದದ್ದು ವಿಜಯದಶಮಿಗೆ. ಜಗಳ ಶುರುವಾಗುವುದಕ್ಕೆ ಅದೇ ಮೊದಲ ಅವಕಾಶ. ಪೂಜೆಯೇ ಇಲ್ಲದೆ ಇನ್ಯಾವ ದಿನ ಆರಿಸಿ ಹಚ್ಚಿದ್ದರೂ ಇದೇ ಆಗುತ್ತಿತ್ತು.

ಅವರು ಹಳೆಯದನ್ನು ಕಿತ್ತು, ಮೂರು ಸಲ ಆರಿಸಿ ಹಚ್ಚಿ ತೋರಿಸಿದರು. ಚೌಕ ಬರಲಿಲ್ಲ. ಕಾಲು ಗಂಟೆಯ ಕೆಲಸ. ನಾನು ಬಿಡದೆ ತಗಡು ಬಿಚ್ಚಿಸಿ ಕುಂಕುಮ ತೋರಿಸಿದೆ. "ಇದರಿಂದೇನೂ ತೊಂದರೆ ಇಲ್ವಾ?" ಎಂದೆ. ಅವರು ಕನ್ನಡಕ ಮೇಲೇರಿಸಿ ನೋಡಿ, "ತಗಡಿನ ಮೇಲಿದೆ, ಇದೇನು ಮಾಡುತ್ತೆ? ಒರೆಸ್ಲಾ?" ಎಂದು ಬಟ್ಟೆ ತೆಗೆದುಕೊಂಡರು. ಬೇಡ ಎಂದು ನಾನು ಅವರ ಕೈ ತಡೆದೆ.

ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಎಲ್ಲ ಹೇಳಿದೆ. ತಪ್ಪು ನನ್ನದು, ಹಳೆಯ ಸಾಫ್ಟ್‌ವೇರ್ ತೆಗೆಯದೆ ಬಿಟ್ಟದ್ದು ನಾನು, ಕುಂಕುಮದಿಂದ ಏನೂ ಆಗಿಲ್ಲ ಎಂದೆ. ಕಾಲಿಗೂ ಬಿದ್ದೆ. ಅತ್ತೆ ಮುದ್ದೆ ತೊಳಸುತ್ತಿದ್ದರು, ಕೋಲು ನಿಲ್ಲಿಸಲಿಲ್ಲ.

"ಸರ್ಲೇಮ್ಮಾ, ಬಿಡು. ಸರಿಹೋಯ್ತಲ್ಲ, ಅಷ್ಟೇ ಬೇಕಾಗಿದ್ದು."

ಎರಡು ಸಾಫ್ಟ್‌ವೇರ್ ಕಿತ್ತಾಡಿದವು ಎಂಬ ಕಥೆ ಅವರಿಗೆ ಹೇಗೆ ಕೇಳಿಸಿತೋ! ಸೊಸೆ ಪಾಪ, ನನ್ನ ಸಮಾಧಾನಕ್ಕೆ ಏನೋ ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡರೋ ಏನೋ. ನಾನು ಕೂಗಿ ಹೇಳಿದ್ದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು, ಅದಕ್ಕೆ ಪುರಾವೆ ಬೇಕಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ನನ್ನಮ್ಮ ನನಗೆಂದೇ ಮೀಸಲಿಟ್ಟಿದ್ದ ಗಾದೆ ನೆನಪಾಗಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಭಾನುವಾರದ ವಿಡಿಯೊ ಹೊತ್ತಿಗೆ ಸರಿಯಾಗಿ ಹೋಯಿತು. ಗೌನಿಪಲ್ಲಿಯವರು ಒಂದು ಡಬ್ಬ ಸಿಹಿ ಕಳಿಸಿದರು.

ಮಾವಿನಕಾಯಿ ಕಾಲ ಬಂತು. ಗಂಡ ಕಾಯಿ ಕೊಚ್ಚಿ ಕೊಟ್ಟರು. ಅತ್ತೆ ಮೆಣಸಿನಪುಡಿ, ಸಾಸಿವೆಪುಡಿ, ಉಪ್ಪು ಎಲ್ಲ ಅಳೆದು ದೊಡ್ಡ ಬೇಸಿನ್ನಿಗೆ ಸುರಿದರು. ನಾನು ಜಾಡಿ ಒರೆಸುತ್ತಿದ್ದೆ. ಅವರು ಮಣೆ ಬಿಟ್ಟು ಎದ್ದು ಗೋಡೆಗೆ ಒರಗಿ ಕೂತರು.

"ಕಲಸು. ನಾನು ಹೇಳ್ತೀನಿ."

"ನಿಮ್ಮ ಕೈಲಿ ಕಲಸಿದ್ರೇ ಅತ್ತೆ ಅದು ಉಪ್ಪಿನಕಾಯಿ."

"ನಂದು ಬೇಡಮ್ಮಾ. ವರ್ಷವೆಲ್ಲ ತಿನ್ನೋ ವಸ್ತು."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನೇ ಮೊಣಕೈವರೆಗೆ ಕೈಯಿಟ್ಟು ಕಲಸಿದೆ. ಉರಿ ತಡೆಯಲಾಗದೆ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂತೆ. ಗಣೇಶನ ಹಬ್ಬದ ಹೊತ್ತಿಗೆ ಜಾಡಿಯ ಬಾಯಲ್ಲಿ ಬೂಷ್ಟು ಹಿಡಿದಿತ್ತು. ಅಕ್ಕಪಕ್ಕದ ಮನೆಯವರೂ ಎರಡು ಸಲ ಕರೆದು, ಅತ್ತೆ ಮಂಡಿನೋವು ಎಂದು ತಪ್ಪಿಸಿಕೊಂಡ ಮೇಲೆ, ಸುಮ್ಮನಾಗಿಬಿಟ್ಟರು.

ಮತ್ತೆ ಆಯುಧಪೂಜೆ ಬಂತು. ಪೆಟ್ಟಿಗೆ ಬಿಚ್ಚಿದೆ. ಹೋದ ವರ್ಷದ ಬೊಟ್ಟು ಕಂದುಬಣ್ಣಕ್ಕೆ ತಿರುಗಿ ಹಾಗೆಯೇ ಅಂಟಿಕೊಂಡಿತ್ತು. ವರ್ಷವಿಡೀ ಅದನ್ನು ಹೊತ್ತುಕೊಂಡೇ ಕಾರ್ಡು ಎಷ್ಟೋ ಮದುವೆಗಳನ್ನು ಮುಗಿಸಿಕೊಟ್ಟಿತ್ತು. ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ ಅತ್ತೆಯನ್ನು ಕರೆದೆ, ಬೇಡಿಕೊಂಡೆ ಎಂದೇ ಹೇಳಬೇಕು. ಅವರು ಬಂದರು. ಆದರೆ ಕೋಣೆಯ ಹೊಸಿಲ ಹೊರಗೇ ನಿಂತರು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.

"ನೀನೇ ಇಡಮ್ಮಾ. ನಾನಿಲ್ಲೇ ಇರ್ತೀನಿ."

ಹಳೆಯ ಬೊಟ್ಟಿನ ಪಕ್ಕದಲ್ಲಿ ನಾನು ಹೊಸ ಬೊಟ್ಟಿಟ್ಟೆ. ಮರುದಿನ ಬೆಳಗ್ಗೆ ಗುಂಡಿ ಒತ್ತುವಾಗ ಅತ್ತೆ ಬಾಗಿಲ ಹೊರಗೆ ಬಂದು ನಿಂತದ್ದು ಗೊತ್ತಾಯಿತು. ಪರದೆ ಬೆಳಗಿತು. ಫ್ಯಾನು ಹದವಾಗಿ ತಿರುಗಿತು. ಯಾವ ಚೌಕವೂ ಬರಲಿಲ್ಲ.

"ಸರಿಗಿದೆಯಾ?" ಎಂದು ಕೇಳಿದರು.

"ಸರಿಗಿದೆ ಅತ್ತೆ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ವರ್ಷದಿಂದ ಅವರ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಕಂಡಿರಲಿಲ್ಲ.

"ನೋಡಿದ್ಯಾ ಮತ್ತೆ," ಎಂದರು, "ಈ ಸಲ ನಾನು ಮುಟ್ಟಲಿಲ್ಲ."