ಉಡಿ ತುಂಬಿದ ದಿನ

ನನ್ನ ಮಗ ಗಡಿಯಲ್ಲಿದ್ದ. ಹನ್ನೆರಡು ದಿನದಿಂದ ಅವನ ಫೋನ್ ಬಂದಿರಲಿಲ್ಲ. ಟಿವಿಯವರು ಮಾತ್ರ ಲಡಾಯಿ ಗೆದ್ದೇವಿ, ನಮ್ಮ ಕಡೆ ಒಬ್ಬನೂ ಸತ್ತಿಲ್ಲ ಅಂತ ದಿನಾ ಒದರುತ್ತಿದ್ದರು. ವೋಟಿಗೆ ಒಂದು ವಾರ ಉಳಿದಿತ್ತು. ನಮ್ಮೂರು ದೇಹೂ ರೋಡಿನ ಕಂಬ ಕಂಬಕ್ಕೂ ಫ್ಲೆಕ್ಸ್. ಅದರಲ್ಲಿ ಆಳುವ ಪಕ್ಷದ ಸಾಹೇಬರ ಮುಖ ಬುಟ್ಟಿಯಷ್ಟು, ಕೆಳಗೆ ಬಂದೂಕು ಹಿಡಿದ ಸಿಪಾಯಿಗಳು ಇರುವೆಯಷ್ಟು.

ಒಬ್ಬನೂ ಸತ್ತಿಲ್ಲ ಅಂದರ ನಮ್ಮ ಹುಡುಗರ ಫೋನ್ ಯಾಕ ಹತ್ತವಲ್ವು ಅಂತ ನಮ್ಮ ಓಣಿಯ ಮಾಸ್ತರರು ಮೊಬೈಲಿನಲ್ಲಿ ಬರೆದರು. ಪೊಲೀಸರು ಅವರನ್ನು ಚೌಕಿಗೆ ಒಯ್ದು ಎರಡು ದಿನ ಕೂಡಿಸಿದರು. ಬಂದ ಮೇಲೆ ಅವರು ಯಾರನ್ನೂ ಮಾತಾಡಿಸಲಿಲ್ಲ, ನಾವೂ ಅವರನ್ನು ಮಾತಾಡಿಸಲಿಲ್ಲ. ಅಂಜಿದ್ದೆವು, ಅದನ್ನೇನು ಮುಚ್ಚಿಡೋದು.

ಆಗ ಪಕ್ಷದ ಹೆಂಗಸರು ಬಂದು, ಜವಾನರ ಹೆಂಡಂದಿರಿಗೆ ಸ್ಟೇಜಿನ ಮೇಲೆ ಉಡಿ ತುಂಬುತ್ತೇವೆ, ಸೊಸೆಯನ್ನು ಕಳಿಸಿರಿ ಅಂದರು. ಸೊಸೆ ಒಲ್ಲೆ ಅಂದಳು. ಫೋನಿನಲ್ಲಿ ಒಮ್ಮೆ ಅವರ ದನಿ ಕೇಳಿದ ಮೇಲೆ ಹೋಗುತ್ತೇನೆ ಅಂದಳು. ನಾನೇ ಬೈದೆ. ಮುತ್ತೈದೆ ಬಂದ ಉಡಿ ಒಲ್ಲೆ ಅಂದರೆ ಗಂಡನಿಗೆ ಕೇಡು ಅಂದೆ. ಹೋದಳು. ಶಾಸಕರ ಹೆಂಡತಿ ಖಣ, ಕಾಯಿ, ಅಕ್ಕಿ ಉಡಿಗೆ ಹಾಕಿ, ಕುಂಕುಮ ಹಚ್ಚಿ, ಗದ್ದ ಹಿಡಿದು ಇವಳ ಮೋರೆಯನ್ನು ಫೋಟೋದವರ ಕಡೆ ತಿರುಗಿಸಿದಳು.

ವೋಟು ಮುಗಿದ ಮೂರನೇ ದಿನ ಸುದ್ದಿ ಬಂತು. ನಿನ್ನೆ ಸತ್ತ ಅಂತ ಕಾಗದದಲ್ಲಿತ್ತು. ಹೆಣದ ಪೆಟ್ಟಿಗೆ ತಂದ ಮಿಲಿಟರಿಯವರು ತೆಗೆಯಬೇಡಿರಿ ಅಂದರು, ತೆಗೆಯಲಿಲ್ಲ.

ತಿಂಗಳಾದ ಮೇಲೆ ಮಗನ ಜೋಡಿ ಪಲ್ಟನ್ನಿನಲ್ಲಿದ್ದ ಸಾತಾರಾದವನು ಕುಂಟುತ್ತಾ ಬಂದ. ಅಡಿಗೆಮನೆಯಲ್ಲಿ ಕೂತು ಎಲ್ಲಾ ಹೇಳಿದ. ಹಿಮ ಕರಗುವ ತನಕ ಕಾಯಬೇಕಿತ್ತಂತೆ, ವೋಟಿಗೆ ಮೊದಲೇ ವೈರಿಯ ಗುಡ್ಡ ಹಿಡಿಯಿರಿ ಅಂತ ಮೇಲಿನಿಂದ ಹುಕುಂ ಬಂತಂತೆ. ಕಡೇ ಫೋನ್ ಮಾಡಿದ ಮರುದಿನವೇ ನನ್ನ ಮಗ ಸತ್ತಿದ್ದ.

ಸೊಸೆ ಕೈಯಲ್ಲಿದ್ದ ಚಹಾದ ಪಾತ್ರೆ ಕೆಳಗಿಟ್ಟಳು.

"ಅತ್ತಿ, ಸ್ಟೇಜಿನ ಮ್ಯಾಲೆ ಕುಂತಾಗ ನಾ ಗಂಡ ಸತ್ತ ರಂಡಿ ಆಗಿದ್ದೆ," ಅಂದಳು.

 

ಗಂಡ ಸತ್ತ ಖರೆ ದಿನ ಯಾವುದು ತಿಳಿಸಿರಿ ಅಂತ ಅವಳು ಸರ್ಕಾರಕ್ಕೆ ಅರ್ಜಿ ಕೊಟ್ಟಳು. ಎಂಟು ದಿನಕ್ಕೆ ಪಕ್ಷದ ಇಬ್ಬರು ಗಂಡಸರು ಬಂದರು. ಲಡಾಯಿ ಇನ್ನೂ ಮುಗಿದಿಲ್ಲ, ಇಂಥದ್ದು ಕೇಳಿದರೆ ವೈರಿಗೆ ಖುಷಿ ಅಂದರು. ಮೊಮ್ಮಗಳು ಯಾವ ಸಾಲಿಗೆ ಹೋಗುತ್ತಾಳೆ ಅಂತ ನಗುತ್ತಾ ವಿಚಾರಿಸಿದರು. ಒಂದು ಕಾಗದ ಮುಂದಿಟ್ಟರು. ಸರ್ಕಾರ ಹೇಳಿದ ದಿನವೇ ಸರಿ, ನಮ್ಮದೇನೂ ತಕರಾರಿಲ್ಲ ಅಂತ ಅದರಲ್ಲಿ ಬರೆದಿತ್ತು. ಸೊಸೆ ಅದನ್ನು ಮುಟ್ಟಲಿಲ್ಲ.

"ಹಿರಿಯರು ಸಹಿ ಮಾಡಿದ್ರೂ ನಡೀತದ ರೀ, ಆಜೀ," ಅಂದ ಅವರಲ್ಲೊಬ್ಬ.

ನಾಲ್ಕನೇ ಇಯತ್ತೆ ಕಲಿತವಳು ನಾನು. ತಿದ್ದಿ ತಿದ್ದಿ ಪೂರ್ತಿ ಹೆಸರು ಬರೆದೆ.

ವರ್ಷದ ತಿಥಿ ಬಂತು. ದಿನ ಯಾವುದು ಅಂತ ಭಟ್ಟರು ಕೇಳಿದರು. ಕಾಗದದ ದಿನವನ್ನೇ ಹೇಳಿದೆ. ಈಗಲೂ ಆ ದಿನ ಪಾಯಸ ಮಾಡಿ ಕಾಗೆಗೆ ಇಡುತ್ತೇನೆ. ಸೊಸೆ ಎಲ್ಲರಿಗೂ ಬಡಿಸುತ್ತಾಳೆ, ತಾನೂ ಉಣ್ಣುತ್ತಾಳೆ. ಆದರೆ ಅದಕ್ಕೂ ಮೂರು ವಾರ ಮೊದಲು, ಸಾತಾರಾದವನು ಹೇಳಿದ ದಿನ, ಅವಳು ಒಲೆ ಹಚ್ಚುವುದಿಲ್ಲ. ಇವತ್ತು ಅಡಿಗಿ ಯಾಕಿಲ್ಲ ಅಂತ ಮೊಮ್ಮಗಳು ನನ್ನನ್ನು ಕೇಳುತ್ತಾಳೆ. ನಾನು ಅವಳ ಮುಂದೆ ತಂಗಳ ರೊಟ್ಟಿ ಇಟ್ಟು, ತಿನ್ನು ಅನ್ನುತ್ತೇನೆ.